ಸರಾಸರಿ ಕೆಡಿಸಿದ ಸಂಖ್ಯೆ

ಡಿಗ್ರಿಯ ಸೈಕಾಲಜಿ ಪ್ರಾಕ್ಟಿಕಲ್‌ನಲ್ಲಿ ಅವತ್ತು ಸ್ಟ್ರೂಪ್ ಪ್ರಯೋಗ. 'ಕೆಂಪು' ಅನ್ನುವ ಪದ ನೀಲಿ ಶಾಯಿಯಲ್ಲಿರುತ್ತದೆ. ಪದ ಓದಬಾರದು, ಶಾಯಿಯ ಬಣ್ಣ ಹೇಳಬೇಕು. ಕೇಳೋಕೆ ಸುಲಭ, ಹೇಳುವಾಗ ನಾಲಿಗೆ ತಡವರಿಸುತ್ತದೆ. 1935ರಲ್ಲಿ ಜಾನ್ ರಿಡ್ಲಿ ಸ್ಟ್ರೂಪ್ ಪ್ರಕಟಿಸಿದ ಪ್ರಯೋಗದಲ್ಲಿ 100 ಬಣ್ಣದ ಚೌಕಗಳ ಬಣ್ಣ ಹೇಳಲು ಜನ ಸರಾಸರಿ 63 ಸೆಕೆಂಡ್ ತಗೊಂಡಿದ್ದರು. ಪದ ಅಡ್ಡ ಬಂದಾಗ ಅದು 110 ಸೆಕೆಂಡ್ ಆಯಿತು.

ಉತ್ತರ ಗೊತ್ತಿರುವ ಪ್ರಯೋಗ ಮತ್ತೆ ಯಾಕೆ ಅಂತ ಗೊಣಗುತ್ತಲೇ ಸ್ಟಾಪ್‌ವಾಚ್ ಹಿಡಿದೆವು. ಮೇಡಂ ಬಲು ಕಟ್ಟುನಿಟ್ಟು. ಬಂದವರಿಂದ ಮೊದಲು ಒಪ್ಪಿಗೆ ಪಡೆಯಬೇಕು, ಬೇಡ ಅನಿಸಿದರೆ ನಡುವೆಯೇ ಎದ್ದು ಹೋಗಬಹುದು ಅಂತ ತಿಳಿಸಬೇಕು. ಸೂಚನೆ ಎಲ್ಲರಿಗೂ ಒಂದೇ ಮಾತಿನಲ್ಲಿರಬೇಕು. ಅರ್ಧ ಜನಕ್ಕೆ ಸುಲಭದ ಹಾಳೆ ಮೊದಲು, ಉಳಿದವರಿಗೆ ಕಷ್ಟದ್ದು ಮೊದಲು. ಇಲ್ಲದಿದ್ದರೆ ನಿಧಾನವಾಗಿದ್ದು ಪದದಿಂದಲೋ ಸುಸ್ತಿನಿಂದಲೋ ಹೇಗೆ ಗೊತ್ತಾಗಬೇಕು?

ಗೆಳತಿ ಕೂರಿಸಿದ್ದ ಒಬ್ಬರು ಕಷ್ಟದ ಹಾಳೆಯನ್ನೇ ಬೇಗ ಮುಗಿಸಿಬಿಟ್ಟರು. "ಇದೊಂದು ಬಿಟ್ಟುಬಿಡ್ಲಾ ಮೇಡಂ? ಸರಾಸರಿ ಕೆಡುತ್ತೆ."

"ನಿನಗೆ ಬೇಕಾದ ಹಾಗೆ ಬಂದಿದ್ರೆ ಬಿಡ್ತಿದ್ದೆಯಾ?"

ಆ ಸಂಖ್ಯೆ ರಿಪೋರ್ಟ್‌ನಲ್ಲಿ ಉಳಿಯಿತು. ಆಗ ಅದು ಸುಮ್ನೆ ಹಠ ಅನಿಸಿತ್ತು. ಮುಂದೆ ಎಂ.ಎ.ಯಲ್ಲಿ 2015ರ ಒಂದು ವರದಿ ಓದಿದೆ. 100 ಸೈಕಾಲಜಿ ಅಧ್ಯಯನಗಳನ್ನು ಬೇರೆ ತಂಡಗಳು ಮತ್ತೆ ಮಾಡಿ ನೋಡಿದ್ದವು. ಮೂಲದಲ್ಲಿ ಶೇ 97ರಷ್ಟರಲ್ಲಿ ಲೆಕ್ಕಕ್ಕೆ ಬರುವ ಫಲಿತಾಂಶ ಇತ್ತು, ಮತ್ತೆ ಮಾಡಿದಾಗ ಶೇ 36ರಲ್ಲಿ ಮಾತ್ರ! ಒಗ್ಗದ ಸಂಖ್ಯೆಗಳನ್ನು ಮೆಲ್ಲಗೆ ಕೈಬಿಡುವುದೂ ಇಂಥ ಏರುಪೇರಿಗೆ ಒಂದು ಕಾರಣ ಅಂತ ತಿಳಿದಾಗ ಮೇಡಂ ನೆನಪಾದರು.

ಪರೀಕ್ಷೆಗೆ ಉರು ಹೊಡೆದ ಸಿದ್ಧಾಂತಗಳಲ್ಲಿ ಜಾಸ್ತಿ ಏನೂ ಉಳಿದಿಲ್ಲ. ಸಂಶೋಧನೆಗೆ ಸೇರಿದಾಗ ಕೈ ಹಿಡಿದದ್ದು ಈ ಬೇಸರದ ಪ್ರಾಕ್ಟಿಕಲ್‌ಗಳೇ. ಗುರುತಿಲ್ಲದವರೂ ಓದಿ ಹಾಗೆಯೇ ಮಾಡುವಂತೆ ವಿಧಾನ ಬರೆಯೋದು ಅಷ್ಟರಲ್ಲಿ ರೂಢಿಯಾಗಿತ್ತು.

ಪ್ರಶ್ನೆ ಹುಡುಕೋದನ್ನು ಮಾತ್ರ ಡಿಗ್ರಿಯಲ್ಲಿ ಯಾರೂ ಕಲಿಸಲಿಲ್ಲ. ಪ್ರಾಕ್ಟಿಕಲ್‌ನಲ್ಲಿ ಪ್ರಶ್ನೆ ಅವರೇ ಕೊಡುತ್ತಿದ್ದರು, ಅಲ್ವಾ? ನನ್ನ ಮಟ್ಟಿಗೆ ಇದು ದೊಡ್ಡ ಕೊರತೆ. ಪಿಎಚ್.ಡಿ.ಗೆ 'ಒಂಟಿತನ' ಅಂತ ಬರೆದುಕೊಂಡು ಹೋದೆ. "ಅಳೆಯೋದು ಏನನ್ನ?" ಅಂದರು ಗೈಡ್. ದಿನಕ್ಕೆ ಎಷ್ಟು ಹೊತ್ತು ಒಬ್ಬರೇ ಇರುತ್ತಾರೆ ಅನ್ನೋದನ್ನಾ, ತನಗೆ ಯಾರೂ ಇಲ್ಲ ಅನಿಸೋದನ್ನಾ? ಎರಡೂ ಬೇರೆ ಬೇರೆ. ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಮೊದಲ ವರ್ಷ ಮುಗಿದಿತ್ತು.