ಕಾಫ್ ಕ್ರೀಕ್‌ಗೆ ಅರ್ಧ ದಿನ ಇಟ್ಟುಕೊಳ್ಳಿ: ಯೂಟಾ ಹೈವೇ 12ರ ಅನುಭವ

ಅಮೆರಿಕದ ಯೂಟಾ ರಾಜ್ಯದಲ್ಲಿ ಬ್ರೈಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನ ನೋಡಿಕೊಂಡು ಕ್ಯಾಪಿಟಲ್ ರೀಫ್ ಉದ್ಯಾನದ ಕಡೆ ಹೊರಡುವವರು ಹೈವೇ 12 ಹಿಡಿಯುತ್ತಾರೆ. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಫೋಟೋ ತೆಗೆದು ಮುಂದೆ ಹೋಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಸ್ಕಲಾಂಟೆ ಊರು ದಾಟಿ 15 ಮೈಲಿ ಹೋದರೆ ಕಣಿವೆಯ ತಳದಲ್ಲಿ ಕಾಫ್ ಕ್ರೀಕ್ ಅನ್ನುವ ಹಳ್ಳ ಹರಿಯುತ್ತದೆ, ಅದರ ಪಕ್ಕದಲ್ಲೇ ನಡೆದು ಹೋದರೆ ಜಲಪಾತ. ಇಡೀ ಪ್ರವಾಸದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದೇ.

ಮೊದಲು ರೂಮಿನ ವಿಷಯ ಹೇಳಿಬಿಡುತ್ತೇನೆ. ಎಸ್ಕಲಾಂಟೆ ಸಣ್ಣ ಊರು, ರೂಮುಗಳು ಕಮ್ಮಿ, ಸೀಸನ್‌ನಲ್ಲಿ ಬಾಯಿಗೆ ಬಂದ ರೇಟು. ‘ಕ್ಯಾನ್ಯನ್ ವ್ಯೂ’ ಅಂತ ಹಾಕಿದ್ದ ರೂಮಿಗೆ ತೆರಿಗೆ ಸೇರಿ 260 ಡಾಲರ್ ಕೊಟ್ಟೆವು. ಪರದೆ ಸರಿಸಿದರೆ ಕಂಡಿದ್ದು ಗ್ಯಾಸ್ ಟ್ಯಾಂಕು, ಅದರಾಚೆ ಹಲಗೆ ಬೇಲಿ. ಇಬ್ಬರ ಸ್ನಾನ ಆಗುವಷ್ಟರಲ್ಲಿ ಬಿಸಿನೀರು ಖಾಲಿ. ಕೇಳಿದ್ದಕ್ಕೆ, ಪಾರ್ಕಿಂಗ್ ಜಾಗದ ಕೊನೆಗೆ ಹೋಗಿ ನಿಂತರೆ ಕಣಿವೆ ಕಾಣುತ್ತದೆ ಅಂದರು! ವ್ಯೂ ಹೆಸರಲ್ಲಿ ಒಂದು ಡಾಲರ್ ಕೂಡ ಜಾಸ್ತಿ ಕೊಡಬೇಡಿ. ಬ್ರೈಸ್ ಹತ್ತಿರದ ಟ್ರಾಪಿಕ್‌ನಲ್ಲೋ ಕ್ಯಾಪಿಟಲ್ ರೀಫ್ ಕಡೆಯ ಟೋರಿಯಲ್ಲೋ ಉಳಿದು ಬೆಳಗ್ಗೆ ಬೇಗ ಹೊರಡುವುದು ಎಷ್ಟೋ ವಾಸಿ.

ಬೇಗ ಅಂದರೆ ನಿಜವಾಗಲೂ ಬೇಗ. ಕಾಫ್ ಕ್ರೀಕ್‌ನ ಪಾರ್ಕಿಂಗ್ ಜಾಗ ಪುಟ್ಟದು, ಎಂಟು ಗಂಟೆಗೆಲ್ಲ ತುಂಬುತ್ತಾ ಬಂದಿತ್ತು. ನಾವು ಹೋದಾಗ ಕಾರಿಗೆ 5 ಡಾಲರ್, ಲಕೋಟೆಯಲ್ಲಿಟ್ಟು ಡಬ್ಬಿಗೆ ಹಾಕಬೇಕಿತ್ತು, ಚಿಲ್ಲರೆ ಇರಲಿ. ಫೋನ್ ಸಿಗ್ನಲ್ ನಂಬಿಕೊಳ್ಳಬೇಡಿ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ.

ಜಲಪಾತದವರೆಗೆ ನಡೆದು ಹೋಗಿಬರಲು ಸುಮಾರು ಆರು ಮೈಲಿ. ‘ಸಮತಟ್ಟು ದಾರಿ, ಸುಲಭ’ ಅಂತ ಎಲ್ಲರೂ ಬರೆದಿರುತ್ತಾರೆ. ಏರಿಳಿತ ಜಾಸ್ತಿ ಇಲ್ಲ, ನಿಜ. ಆದರೆ ಉದ್ದಕ್ಕೂ ಮರಳು. ಬೀಚಿನಲ್ಲಿ ನಡೆದ ಹಾಗೆ ಕಾಲು ಹೂತುಕೊಳ್ಳುತ್ತದೆ, ವಾಪಸ್ ಬರುವಾಗ ನೆತ್ತಿ ಮೇಲೆ ಬಿಸಿಲು. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಯೋಚಿಸಿ. ತಲೆಗೆ ಎರಡು ಲೀಟರ್ ನೀರು ಬೇಕೇ ಬೇಕು.

ನನಗೆ ಆಶ್ಚರ್ಯವಾಗಿದ್ದು ಹಳ್ಳ. ದಾರಿಯುದ್ದಕ್ಕೂ ನೋಡಿದ ಹಳ್ಳಗಳೆಲ್ಲ ಒಣಗಿ ಬಿರುಕು ಬಿಟ್ಟಿದ್ದವು, ಇದೊಂದು ಮಾತ್ರ ಮಳೆ ಇಲ್ಲದಿದ್ದರೂ ಹರಿಯುತ್ತಿತ್ತು. ಕಾರಣ ಎರಡೂ ಕಡೆಯ ಗೋಡೆಗಳಲ್ಲೇ ಇದೆ. ಇದು ನವಾಹೋ ಮರಳುಗಲ್ಲು, ಸುಮಾರು 19 ಕೋಟಿ ವರ್ಷದ ಹಿಂದಿನ ಮರಳು ದಿಬ್ಬಗಳು ಗಟ್ಟಿಯಾಗಿ ಆದದ್ದು. ಗಾಳಿ ಮರಳನ್ನು ಗುಡ್ಡೆ ಹಾಕಿದ ಓರೆ ಗೆರೆಗಳು ಬಂಡೆಯಲ್ಲಿ ಈಗಲೂ ಎದ್ದು ಕಾಣುತ್ತವೆ. ಮೇಲೆ, ಉತ್ತರಕ್ಕೆ, 11,000 ಅಡಿಗಿಂತ ಎತ್ತರದ ಬೌಲ್ಡರ್ ಪರ್ವತವಿದೆ. ಅಲ್ಲಿನ ಹಿಮ, ಮಳೆ ಈ ಕಲ್ಲಿನೊಳಗೆ ಇಂಗಿ ನಿಧಾನಕ್ಕೆ ಕೆಳಗಿಳಿಯುತ್ತದೆ, ನೀರು ಬಿಡದ ಪದರ ಅಡ್ಡ ಸಿಕ್ಕಿದ ಕಡೆ ಒರತೆಯಾಗಿ ಪಕ್ಕಕ್ಕೆ ಬರುತ್ತದೆ. ಒಂದು ಕಡೆ ಬಂಡೆ ಬುಡದಲ್ಲಿ ಕೈ ಇಟ್ಟು ನೋಡಿದೆ, ಬಿಸಿಲಲ್ಲೂ ತಣ್ಣಗೆ ಜಿನುಗುತ್ತಿತ್ತು. ಆ ತೇವದ ಗೆರೆಯುದ್ದಕ್ಕೂ ಮಾತ್ರ ಜರೀಗಿಡ, ಅದರ ಒಂದು ಗೇಣು ಮೇಲೆ ಬರೀ ಒಣ ಕೆಂಪು ಕಲ್ಲು.

ಬೀವರ್ ಅನ್ನುವ ಪ್ರಾಣಿಗಳು ಹಳ್ಳಕ್ಕೆ ಅಡ್ಡ ಕಟ್ಟಿದ ಒಡ್ಡುಗಳನ್ನು ಬಿಟ್ಟು ಬರಬೇಡಿ. ಅಲ್ಲಿ ನೀರು ನಿಂತು ಸಣ್ಣ ಕೆರೆಗಳಾಗಿವೆ, ಸುತ್ತ ಜೊಂಡು ಬೆಳೆದಿದೆ. ಬಗ್ಗಿ ನೋಡಿದರೆ ಟ್ರೌಟ್ ಮೀನುಗಳು ಹರಿವಿಗೆ ಮುಖ ಮಾಡಿ ಬಾಲ ಮಾತ್ರ ಆಡಿಸುತ್ತಾ ನಿಂತಲ್ಲೇ ನಿಂತಿರುತ್ತವೆ. ಎದುರು ಗೋಡೆಯಲ್ಲಿ ಫ್ರೀಮಾಂಟ್ ಅನ್ನುವ ಹಳೆಯ ಮೂಲನಿವಾಸಿ ಜನರು ಸುಮಾರು ಸಾವಿರ ವರ್ಷದ ಹಿಂದೆ ಬರೆದ ಮೂರು ಕೆಂಪು ಮನುಷ್ಯರ ಚಿತ್ರಗಳಿವೆ. ದೂರದಲ್ಲಿವೆ, ಬೈನಾಕ್ಯುಲರ್ ಇದ್ದರೆ ಒಳ್ಳೆಯದು.

ಕೊನೆಯಲ್ಲಿ ಜಲಪಾತ, 126 ಅಡಿ. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ನೀರು ಮಾತ್ರ ಕೊರೆಯುವಷ್ಟು ತಣ್ಣಗೆ. ಆದರೆ ಹತ್ತು ಗಂಟೆಯ ಮೇಲೆ ಜಾತ್ರೆ, ಯಾರೋ ಸ್ಪೀಕರ್ ಹಚ್ಚಿ ಕೂತಿದ್ದರು. ನನಗೆ ಗದ್ದಲ ಆಗುವುದಿಲ್ಲ. ಹತ್ತು ನಿಮಿಷ ಇದ್ದು ಬೀವರ್ ಕೆರೆ ಹತ್ತಿರ ಬಂದು ತಂದಿದ್ದ ಚಪಾತಿ, ಚಟ್ನಿಪುಡಿ ತಿಂದೆವು.

ಇನ್ನು ಊಟ. ಎಸ್ಕಲಾಂಟೆಯಲ್ಲಿ ರಸ್ತೆ ಬದಿ ಒಂದು ಗಾಡಿ ಸಿಕ್ಕಿತು, ಹೆಸರೂ ಬರೆದಿರಲಿಲ್ಲ. 9 ಡಾಲರಿಗೆ ಬೀನ್ಸ್ ಬುರಿಟೊ, ಅಂದರೆ ಬೀನ್ಸ್ ತುಂಬಿ ಸುತ್ತಿದ ರೊಟ್ಟಿ. ಬೀನ್ಸಿಗೆ ಹಂದಿ ಕೊಬ್ಬು ಹಾಕುತ್ತೀರಾ ಅಂತ ಕೇಳಿದೆ. ಆ ತಾಯಿ ಎಣ್ಣೆ ಡಬ್ಬವನ್ನೇ ಎತ್ತಿ ತೋರಿಸಿದರು. ಸಸ್ಯಾಹಾರಿಗಳು ಈ ಕಡೆ ಎಲ್ಲೇ ಹೋದರೂ ಇದನ್ನು ಕೇಳಿಯೇ ತಿನ್ನಿ. ಸುಟ್ಟ ಹಸಿಮೆಣಸಿನಕಾಯಿ ಚಟ್ನಿ ಎಷ್ಟು ಬೇಕಾದರೂ ಕೊಟ್ಟರು, ಖಾರ ನಮ್ಮ ಬಾಯಿಗೆ ಸರಿಯಾಗಿತ್ತು. ಒಂದು ಬುರಿಟೊ ಇಬ್ಬರಿಗೆ ಸಾಕು. ರಾತ್ರಿಗೂ ಅಲ್ಲೇ ಹೋದೆವು, ಮಾರನೇ ದಿನ ದಾರಿಗೂ ಕಟ್ಟಿಸಿಕೊಂಡೆವು.

ಜುಲೈಯಿಂದ ಸೆಪ್ಟೆಂಬರ್ ನಡುವೆ ಹೋಗುವವರು ಹವಾಮಾನ ನೋಡಿಯೇ ಇಳಿಯಿರಿ, ಎಲ್ಲೋ ದೂರದಲ್ಲಿ ಗುಡುಗು ಮಳೆ ಆದರೂ ಈ ಕಡೆಯ ಕಣಿವೆಗಳಲ್ಲಿ ದಿಢೀರ್ ಪ್ರವಾಹ ಬರುತ್ತದೆ. ಅಕ್ಟೋಬರ್ ಒಳ್ಳೆಯದು. ಮುಂದೆ ಬೌಲ್ಡರ್ ಊರಿನ ಕಡೆಗೆ ಹೋಗುವಾಗ ಹಾಗ್‌ಬ್ಯಾಕ್ ಅನ್ನುವ ಏಣಿನ ಮೇಲೆ ರಸ್ತೆ ಸಾಗುತ್ತದೆ, ಎರಡೂ ಕಡೆ ಪ್ರಪಾತ. ಬೆಳಕಿರುವಾಗಲೇ ದಾಟಿ. ಜನಜಂಗುಳಿ ಬೇಡ ಅನ್ನುವವರು ಅದೇ ಹೈವೇಯಲ್ಲಿ ಐದಾರು ಮೈಲಿ ಮುಂದೆ ಹೋಗಿ ಇದೇ ಹಳ್ಳದ ಮೇಲಿನ ಜಲಪಾತಕ್ಕೆ ಇಳಿಯಬಹುದು. 88 ಅಡಿ, ನಡಿಗೆ ಕಮ್ಮಿ, ಆದರೆ ಬೋಳು ಬಂಡೆಯ ಇಳಿಜಾರು, ಹಿಡಿತ ಇರುವ ಬೂಟು ಇಲ್ಲದಿದ್ದರೆ ಬೇಡ.