ಡೊಂಬಿವಲಿಯ ಮನೆಯಲ್ಲಿ ಓಪನ್‌ಬಿಎಸ್‌ಡಿ

ಕಳೆದ ಮಳೆಗಾಲದಲ್ಲಿ, ಲೋಕಲ್ ರೈಲುಗಳು ನಿಂತುಹೋಗಿದ್ದ ಒಂದು ದಿನ, ಮುಂಬೈ ಬಳಿಯ ಡೊಂಬಿವಲಿಯ ಮನೆಯಲ್ಲೇ ಕುಳಿತು ನನ್ನ ಹಳೆಯ ಲ್ಯಾಪ್‌ಟಾಪಿಗೆ, ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿದೆ. ಥಿಯೋ ಡಿ ರಾಟ್ 1995ರಲ್ಲಿ ನೆಟ್‌ಬಿಎಸ್‌ಡಿ ಎಂಬ ಅಂಥದೇ ಇನ್ನೊಂದು ವ್ಯವಸ್ಥೆಯಿಂದ ಕವಲೊಡೆಸಿ ಕಟ್ಟಿದ ಈ ವ್ಯವಸ್ಥೆ ತಕರಾರಿಲ್ಲದೆ ಕುಳಿತುಕೊಂಡಿತು; ತೊಡಕಿದ್ದದ್ದು ವೈಫೈಯಲ್ಲಿ. ಇಂಟೆಲ್ ವೈಫೈ ಕಾರ್ಡನ್ನು ವ್ಯವಸ್ಥೆಯ ತಿರುಳಾದ ಕರ್ನಲ್ ಗುರುತಿಸಿತಾದರೂ, ಕಾರ್ಡಿನೊಳಗೆ ಓಡಬೇಕಾದ ಪುಟ್ಟ ತಂತ್ರಾಂಶ, ಅಂದರೆ ಫರ್ಮ್‌ವೇರ್, ಪರವಾನಗಿಯ ಕಾರಣದಿಂದ ಮೂಲ ವ್ಯವಸ್ಥೆಯೊಂದಿಗೆ ಬರುವುದಿಲ್ಲವಾದ್ದರಿಂದ, ಅದನ್ನು ಇಂಟರ್‌ನೆಟ್ಟಿನಿಂದಲೇ ಇಳಿಸಿಕೊಳ್ಳಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಸ್ಥಿತಿ.

ಲ್ಯಾಪ್‌ಟಾಪಿನ ಇಂಟರ್‌ನೆಟ್ ಕೇಬಲ್ ಕಿಂಡಿ ಎಂದೋ ಕೆಟ್ಟಿತ್ತು. ಕೊನೆಗೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ (ಫೋನಿನ ಇಂಟರ್‌ನೆಟ್ ಹಂಚಿಕೆ) ಚಾಲೂ ಮಾಡಿದಾಗ, ಕಪ್ಪು ಪರದೆಯ ಮೇಲೆ ಫೋನನ್ನು ಜಾಲದ ಸಾಧನವಾಗಿ ಗುರುತಿಸಿದ ‘ಯುಆರ್‌ಎನ್‌ಡಿಐಎಸ್0’ ಎಂಬ ಸಾಲು ಮೂಡಿತು. ಅದಕ್ಕೊಂದು ಐಪಿ ವಿಳಾಸ ಪಡೆದು ಫರ್ಮ್‌ವೇರ್ ಇಳಿಸುವ ‘ಎಫ್‌ಡಬ್ಲ್ಯೂ_ಅಪ್‌ಡೇಟ್’ ಆದೇಶ ಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ವೈಫೈ ಜೀವ ತಳೆಯಿತು.

ಇಲ್ಲಿ ಗುಂಡಿ ಒತ್ತುವ ಕಿಟಕಿಗಳಿಲ್ಲ. ‘ಇಟಿಸಿ’ ಕೋಶದ ಒಂದು ಪುಟ್ಟ ಕಡತದಲ್ಲಿ ಮನೆಯ ವೈಫೈಯದು, ಕಚೇರಿಯದು ಎಂದು ಎರಡು ‘ಜಾಯಿನ್’ ಸಾಲುಗಳನ್ನು ಬರೆದಿಟ್ಟರೆ, ಸಿಕ್ಕಿದ ಜಾಲವನ್ನು ಯಂತ್ರವೇ ಹಿಡಿದುಕೊಳ್ಳುತ್ತದೆ. ಪಾಸ್‌ವರ್ಡ್ ಅದರಲ್ಲಿ ಬಯಲಾಗಿಯೇ ಇರುವುದರಿಂದ, ಕಡತವನ್ನು ರೂಟ್ (ಯಂತ್ರದ ಮುಖ್ಯ ಖಾತೆ) ಹೊರತು ಬೇರೆಯವರು ಓದದಂತೆ ಮಾಡಬೇಕು. ನನಗಂತೂ ಈ ಸರಳತೆಯೇ ಇಷ್ಟ. ಬ್ಲೂಟೂತ್ ಬೆಂಬಲವನ್ನು ಮಾತ್ರ 2014ರಲ್ಲೇ ಕಿತ್ತುಹಾಕಿದ್ದಾರೆ. ಹಾಗಾಗಿ ತಂತಿಯ ಇಯರ್‌ಫೋನ್ ಮತ್ತೆ ಚೀಲ ಸೇರಿದೆ.