ದೂರು ಪೆಟ್ಟಿಗೆಯ ಕೀಲಿ ಯಾರ ಹತ್ತಿರ?

ಅಪರಾಧದ ಆರೋಪ ಹೊತ್ತ ಹುಡುಗರನ್ನು ವಿಚಾರಣೆ ಮುಗಿಯುವ ತನಕ ಇಡುವ ಬಾಲಕರ ವೀಕ್ಷಣಾಲಯದಲ್ಲಿ ದಬ್ಬಾಳಿಕೆ ಹೊಡೆತದಿಂದ ಶುರುವಾಗುವುದು ಕಡಿಮೆ. ಸೋಪು, ಮೊಟ್ಟೆ, ಮನೆಯವರು ತಂದ ಬಿಸ್ಕತ್ತು, ಇವುಗಳಿಂದಲೇ ಶುರು. ಹೊಸದಾಗಿ ಬಂದವನಿಗೆ ಹಳಬನೊಬ್ಬ ಪ್ರೀತಿಯಿಂದಲೇ ಏನೋ ಕೊಡುತ್ತಾನೆ. ಕೆಲವು ದಿನಗಳಲ್ಲಿ ಅದು ಸಾಲವಾಗುತ್ತದೆ: ಬಟ್ಟೆ ಒಗೆ, ಕಾಲು ಒತ್ತು, ನಿನ್ನ ಮೊಟ್ಟೆ ಇತ್ತ ಕೊಡು. ಲೈಂಗಿಕ ಬಲವಂತವೂ ಎಷ್ಟೋ ಸಲ ಇದೇ ದಾರಿಯಲ್ಲಿ ಬರುತ್ತದೆ. ಹಾಗಾಗಿ ಊಟದ ಹೊತ್ತಿನಲ್ಲಿ ತಟ್ಟೆಗಳನ್ನು ನೋಡಿ. ಯಾರದ್ದರಲ್ಲಿ ಎರಡು ಮೊಟ್ಟೆ, ಯಾರದ್ದರಲ್ಲಿ ಒಂದೂ ಇಲ್ಲ?

ರಾತ್ರಿ ಪಾಳಿಗೆ ಒಬ್ಬರೇ ಇದ್ದಾಗ ದೊಡ್ಡ ಹುಡುಗನನ್ನು 'ಲೀಡರ್' ಮಾಡಿ ಡಾರ್ಮಿಟರಿ ಒಪ್ಪಿಸುವುದು ಸುಲಭದ ಉಪಾಯ. ಆದರೆ ಆಮೇಲೆ ಅವನ ಮೇಲಿನ ದೂರು ಅವನನ್ನು ನೇಮಿಸಿದ ಸಿಬ್ಬಂದಿಯ ಮೇಲಿನ ದೂರೂ ಆಗುತ್ತದೆ. ಅದಕ್ಕೇ ಯಾರೂ ಕಿವಿಗೊಡುವುದಿಲ್ಲ. ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳು 7–11, 12–16, 16–18 ವಯಸ್ಸಿನವರನ್ನು ಬೇರೆಬೇರೆ ಇಡಲು ಹೇಳುತ್ತವೆ. ಜಾಗ ಸಾಲದಿದ್ದರೆ ಮೊದಲು ಸಡಿಲವಾಗುವುದು ಇದೇ.

ಮಕ್ಕಳು ದೂರು ಬರೆದು ಹಾಕುವ ಸಲಹೆ ಪೆಟ್ಟಿಗೆ ಕಚೇರಿಯಿಂದ ದೂರ, ಮಕ್ಕಳ ಕೋಣೆಗಳ ಹತ್ತಿರ ಇರಬೇಕು. ಕೀಲಿ ವೀಕ್ಷಣಾಲಯದ ಮೇಲ್ವಿಚಾರಣೆ ನೋಡುವ ಆಡಳಿತ ಸಮಿತಿಯ ಅಧ್ಯಕ್ಷರಲ್ಲಿರಬೇಕು. ವಾರಕ್ಕೊಮ್ಮೆ ಮಕ್ಕಳ ಸಮಿತಿಯ (ಅಲ್ಲಿನ ಹುಡುಗರದ್ದೇ ಸಮಿತಿ) ಸದಸ್ಯರ ಎದುರು ತೆರೆಯಬೇಕು. ಸೂಪರಿಂಟೆಂಡೆಂಟ್ ಬಾಗಿಲ ಪಕ್ಕ, ಕ್ಯಾಮೆರಾ ಕೆಳಗೆ ಮೊಳೆ ಹೊಡೆದ ಪೆಟ್ಟಿಗೆ ಖಾಲಿಯೇ ಇರುತ್ತದೆ, ಸಹಜ. ಮಕ್ಕಳ ಸಮಿತಿಯಲ್ಲಿ ಆ 'ಲೀಡರ್'ಗಳೇ ಕೂತಿದ್ದರೆ ಇನ್ನೂ ಕಷ್ಟ: ಅವರೆದುರು ಬೀಗ ತೆಗೆಯಿರಿ, ಚೀಟಿ ಓದಿ ಹೇಳಬೇಡಿ. ವಾರಕ್ಕೊಂದು ದಿನ ಎಲ್ಲರಿಗೂ ಒಂದೇ ಥರದ ಚೀಟಿ, ಪೆನ್ಸಿಲ್ ಕೊಟ್ಟು, ಖಾಲಿಯಾದರೂ ಸರಿ, ಎಲ್ಲರೂ ಹಾಕುವಂತೆ ಮಾಡಿ. ಆಗ ಬರೆದವನು ಯಾರೆಂದು ನೋಡಿದವರಿಗೆ ತಿಳಿಯದು. ಬರೆಯಲು ಬಾರದವರನ್ನು ಆಪ್ತಸಮಾಲೋಚಕರು ಒಬ್ಬೊಬ್ಬರನ್ನಾಗಿ ಮಾತಾಡಿಸಬೇಕು.

ದೂರು ಬಂದರೆ ಸ್ಥಳ ಬದಲಿಸಬೇಕಾದದ್ದು ಆರೋಪಿಯನ್ನು. 'ಸುರಕ್ಷತೆಗೆ' ಎಂದು ದೂರು ಕೊಟ್ಟವನನ್ನೇ ಒಂಟಿ ಕೋಣೆಗೆ ಹಾಕಿದರೆ ಉಳಿದವರು ಅದನ್ನು ಶಿಕ್ಷೆ ಎಂದೇ ಓದುತ್ತಾರೆ. ಲೈಂಗಿಕ ದೌರ್ಜನ್ಯವಾದರೆ ಒಳಗೊಳಗೇ ರಾಜಿ ಮಾಡಿಸುವಂತಿಲ್ಲ, ಹುಡುಗರ ನಡುವೆಯೇ ನಡೆದಿದ್ದರೂ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಅಧೀನ ಸಿಬ್ಬಂದಿಯ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 21ನೇ ಸೆಕ್ಷನ್ ಅಡಿ ಒಂದು ವರ್ಷದವರೆಗೆ ಜೈಲು. ವೈದ್ಯರು ನೋಡುವ ತನಕ ಹುಡುಗನಿಗೆ ಸ್ನಾನ ಮಾಡಿಸಬೇಡಿ. ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಲ್ಲ, ಕಾಗದದ ಚೀಲದಲ್ಲಿಡಿ, ತೇವಕ್ಕೆ ಬೂಸ್ಟು ಬಂದರೆ ಪುರಾವೆ ಹಾಳು.